ಸೌಟಿನಲ್ಲಿ ಬಡಿಸಿದ ಔಷಧ

ಔಷಧವನ್ನು ಎಲ್ಲರ ಮನೆಯಲ್ಲೂ ಕುಡಿಯುತ್ತಾರೆ. ಮನೋಳಿಯಲ್ಲಿದ್ದ ನನ್ನ ಗಂಡನ ಮನೆಯಲ್ಲಿ ಅದನ್ನು ಉಣ್ಣುತ್ತಿದ್ದೆವು. ಅದು ಬೋಗುಣಿ ತುಂಬ ಬರುತ್ತಿತ್ತು, ಸೌಟಿನಿಂದ ಬೀಳುತ್ತಿತ್ತು, ರೊಟ್ಟಿಯ ಪಕ್ಕದಲ್ಲಿ ಪುಂಡಿಪಲ್ಯ ಕೂಡಬೇಕಾದ ಜಾಗದಲ್ಲಿ ಹಸಿರು ಮೋರೆ ಮಾಡಿಕೊಂಡು ಕೂತಿರುತ್ತಿತ್ತು. ಬಡಿಸುವವರು ನಮ್ಮ ಮಾವನವರು. ಬೇರೆ ಯಾವ ಕೆಲಸಕ್ಕೂ ಅಡಿಗೆಮನೆಯ ಹೊಸ್ತಿಲು ದಾಟದ ಗಂಡಸು ಔಷಧದ ಸೌಟನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಅವರ ವಾದ ಬಹಳ ಸರಳ. ಕಟ್ಟೆಯ ಮೇಲೆ ಕೂತು, ಹೋಗಿ ಬರುವವರನ್ನು ನಿಲ್ಲಿಸಿಕೊಂಡು ಕೇಳುವರು: "ಜ್ವಾಳಾ ಎಲ್ಲಿ ಬೆಳಿತೈತಿ? ಮಣ್ಣಾಗ. ಅಮೃತಬಳ್ಳಿ ಎಲ್ಲಿ ಬೆಳಿತೈತಿ? ಅದ ಮಣ್ಣಾಗ. ತಾಯಿ ಒಬ್ಬಾಕಿ. ಒಂದ ತಾಯಿ ಮಕ್ಕಳೊಳಗ ಒಬ್ಬಂವ ಛಲೋ, ಒಬ್ಬಂವ ಕಳ್ಳ ಆಗತಾನೇನು?" ಅವರ ತಾಯಿಯ ಮಕ್ಕಳೊಳಗೇ ಒಬ್ಬರು ಬೈಲಹೊಂಗಲದ ಸಂತೆಯಲ್ಲಿ ಪರರ ಹೋರಿ ಹೊಡೆದುಕೊಂಡು ಬರುವಾಗ ಸಿಕ್ಕಿಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಕೇಳಿಸಿಕೊಂಡವರು ನೆಲ ನೋಡುತ್ತ, "ಖರೇ ಐತ್ರಿ" ಅಂದು ಮುಂದಕ್ಕೆ ಹೋಗುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ನಡೆಯಲು ಬಂದಾಗ, ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲದ ಗುಡಿಸಲು ಸೇರಿದ್ದ ವರ್ಷಗಳು ಆಗಷ್ಟೇ ಮುಗಿದಿದ್ದವು. ನಮ್ಮ ಮನೆಯಲ್ಲಿ ಯಾರಿಗೂ ಗಡ್ಡೆ ಎದ್ದಿರಲಿಲ್ಲ. ಮಾವನವರ ಲೆಕ್ಕದಲ್ಲಿ ಪ್ಲೇಗು ಅವರ ಲಕ್ಕಿ ಸೊಪ್ಪಿಗೆ ಹೆದರಿ ಹಿಂದೆ ಸರಿದಿತ್ತು. ಊರಿನವರ ಲೆಕ್ಕ ಬೇರೆ ಇತ್ತು. ಊಟದ ಹೊತ್ತಿಗೆ ಆ ಮನೆಗೆ ಹೋಗುವ ಧೈರ್ಯ ಪ್ಲೇಗಿಗೂ ಇರಲಿಲ್ಲ ಅನ್ನುತ್ತಿದ್ದರು.

ಗಿಡಮೂಲಿಕೆ ನನಗೆ ಹೊಸದಾಗಿರಲಿಲ್ಲ. ನನ್ನ ತವರು ನೇಸರಗಿ. ಅಲ್ಲಿ ನಮ್ಮಜ್ಜಿ ಔಷಧ ತಿಳಿದವಳು. ಗೋಡೆಯ ಗೂಡಿನಲ್ಲಿ ಬಜೆಯ ಬೇರು, ಜಾಯಿಕಾಯಿ, ಅಳಲೆಕಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟಿರುತ್ತಿದ್ದಳು. ಕೂಸಿಗೆ ಹೊಟ್ಟೆನೋವು ಬಂದರೆ ಸಾಣೆಕಲ್ಲಿನ ಮೇಲೆ ಬಜೆಯನ್ನು ಒಂದು ಸುತ್ತು ತೇಯುವಳು. ಇನ್ನೊಂದು ಸುತ್ತು ತೇಯಲು ನಾವು ಕೈಚಾಚಿದರೆ ಬೆರಳ ಮೇಲೆ ಹೊಡೆಯುವಳು. "ಊಟಕ್ಕ ಹೊಟ್ಟಿ ಅಳತಿ, ಔಷಧಕ್ಕ ಉಗುರ ಅಳತಿ" ಅನ್ನುವುದು ಅವಳ ಮಾತು. ಆ ಮಾತನ್ನು ನಾನು ಬುತ್ತಿಗಂಟಿನ ಸಂಗಡ ಮನೋಳಿಗೆ ತಂದಿದ್ದೆ. ಬಿಚ್ಚುವ ಸಂದರ್ಭ ಬರಲಿಲ್ಲ. ಹೊಸ ಸೊಸೆಯ ಬಾಯಿ ಆ ಕಾಲದಲ್ಲಿ ರೊಟ್ಟಿ ತಿನ್ನಲಿಕ್ಕೆ ಇತ್ತು, ಅದೂ ಎಲ್ಲರದಾದ ಮೇಲೆ.

ಮಾವನವರಿಗೆ ಉಗುರಳತೆ ಎಂದರೆ ಜಿಪುಣತನ. ಪಲ್ಯಕ್ಕೆ ಅಳತೆ ಎಲ್ಲಿದೆ, ಸಾಕೆನ್ನುವ ತನಕ ತಿನ್ನುವುದಲ್ಲವೇ? ಮೆಂತ್ಯಪಲ್ಯ ಒಂದು ಮುಷ್ಟಿ ತಿಂದವರಿಗೆ ಒಂದು ಮುಷ್ಟಿಯಷ್ಟು ಒಳ್ಳೆಯದಾದರೆ, ಎರಡು ಮುಷ್ಟಿ ತಿಂದವರಿಗೆ ಎರಡರಷ್ಟು. ಹೀಗೆ ಅವರು ಬೇವಿನ ಚಿಗುರನ್ನು ಒಗ್ಗರಣೆ ಹಾಕಿಸಿ ಬಡಿಸಿದ್ದಾರೆ, ಆಡುಸೋಗೆಯ ಚಟ್ನಿ ಅರೆಸಿದ್ದಾರೆ. ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು: ಏನೇ ಮಾಡಲಿ, ಮೊದಲು ತಮ್ಮ ತಾಟಿಗೆ ಹಾಕಿಕೊಳ್ಳುವರು, ಉಳಿದವರಿಗಿಂತ ಒಂದು ಸೌಟು ಹೆಚ್ಚೇ. ಮೋಸ ಅವರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ಹೊಟ್ಟೆ ಮಾತ್ರ ಕಬ್ಬಿಣದ್ದು. ತಮ್ಮದು ಹಾಗಿರುವುದರಿಂದ ಎಲ್ಲರದೂ ಹಾಗೆಯೇ ಇರುತ್ತದೆ ಎಂದು ನಂಬಿದ್ದರು.

ಒಲ್ಲೆ ಅನ್ನಬಹುದಿತ್ತಲ್ಲ ಎಂದು ನನ್ನ ಮೊಮ್ಮಕ್ಕಳು ಕೇಳುತ್ತಾರೆ. ಅಲ್ಲಿಯೇ ಇತ್ತು ತೊಡಕು. ನಮ್ಮದು ಲಿಂಗವಂತರ ಮನೆ. ತಾಟಿಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಬಿಡುವ ಹಾಗಿಲ್ಲ. ಉಂಡ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ಬಟ್ಟಲಲ್ಲಿ ಕೊಟ್ಟ ಕಷಾಯವನ್ನು ಹಿತ್ತಿಲ ಬಾಳೆಯ ಬುಡಕ್ಕೆ ಸುರಿದು ಬಾಯಿ ಒರೆಸಿಕೊಂಡು ಬರಬಹುದು. ತಾಟಿನಲ್ಲಿ ರೊಟ್ಟಿಯ ಮಗ್ಗುಲಿಗೆ ಬಿದ್ದ ಕಷಾಯವನ್ನು ಏನು ಮಾಡುತ್ತೀರಿ? ಮಾವನವರು ಇದನ್ನು ಹಂಚಿಕೆ ಹಾಕಿ ಮಾಡಿದವರಲ್ಲ. ಔಷಧವೂ ಅನ್ನವೇ ಎಂದು ಮನಸಾರೆ ನಂಬಿ ಮಾಡಿದರು. ಹಂಚಿಕೆ ಹಾಕಿದವರಿಂದ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ. ನಂಬಿದವರಿಂದ ಇರುವುದಿಲ್ಲ.

ಒಮ್ಮೆ ರಾಮದುರ್ಗದಿಂದ ಬೀಗರು ಬಂದಿದ್ದರು. ಅವರಿಗೆ ಸಂಸ್ಥಾನದ ಊರಿನವರು ಎಂಬ ಬಿಗುವು ಸ್ವಲ್ಪ ಜಾಸ್ತಿ. ರುಮಾಲಿನ ಸುತ್ತು ಕೆಡದ ಹಾಗೆ ಕುತ್ತಿಗೆ ತಿರುಗಿಸುವ ಜನ. ಮಾವನವರು ಅವರ ಗೌರವಕ್ಕೆಂದು ಹಿತ್ತಿಲ ಲೋಳಸರದ ತಿರುಳು ತೆಗೆಸಿ, ಬೆಲ್ಲ ಹಾಕಿಸಿ, ಪಲ್ಯವೆಂದು ಸೌಟುಗಟ್ಟಲೆ ಬಡಿಸಿದರು. ಪ್ರಸಾದವೆಂದು ಬೀಗರು ತಾಟು ತೊಳೆದು ಕುಡಿದರು. ಬಂಡಿ ಹೂಡಿಕೊಂಡು ಹೊರಟವರು ಊರ ಅಗಸೆಬಾಗಿಲು ದಾಟಿರಲಿಲ್ಲ, ಮೊದಲನೆಯ ಬೇಲಿಗೆ ನಿಂತರು. ಅಲ್ಲಿಂದ ರಾಮದುರ್ಗದ ತನಕ ಕಂಡ ಪ್ರತಿ ಜಾಲಿಕಂಟಿಗೂ ಬಂಡಿ ನಿಂತಿತಂತೆ. ಅವರು ಮರಳಿ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ಬಂದಾಗಲೆಲ್ಲ ಅವರಿಗೆ ಅಂದು ಉಪವಾಸ ಇರುತ್ತಿತ್ತು. ಮಾವನವರು, "ಎಂಥಾ ಭಕ್ತಿವಂತ ಮಂದಿ" ಎಂದು ಕೊಂಡಾಡುತ್ತಿದ್ದರು.

ಇದೆಲ್ಲ ನಗುವ ಮಾತಾಗಿತ್ತು, ಅತ್ತೆಗೆ ಚಳಿಜ್ವರ ಹಿಡಿಯುವ ತನಕ.

ಆ ವರ್ಷ ಮಲಪ್ರಭೆ ದಂಡೆ ಮೀರಿ ಬಂದು, ಇಳಿಯುವಾಗ ತಗ್ಗುಗಳಲ್ಲೆಲ್ಲ ನೀರು ಬಿಟ್ಟು ಹೋಗಿದ್ದಳು. ಗುಂಗಾಡು ಸೊಳ್ಳೆಗಳು ಮೋಡದ ಹಾಗೆ ಎದ್ದವು. ಮನೆಮನೆಗೆ ಜ್ವರ ಬಂತು. ಒಂದು ದಿನ ಬಿಟ್ಟು ಒಂದು ದಿನ, ಹೊತ್ತು ನೆತ್ತಿಗೆ ಬರುವಾಗ, ಸಾಲ ಕೇಳುವವರ ಹಾಗೆ ತಪ್ಪದೆ ಬರುವ ಜ್ವರ. ಮೊದಲು ಹಲ್ಲು ಕಟಕಟಿಸುವ ಚಳಿ, ಆಮೇಲೆ ಮೈ ಬೆಂಕಿ, ಆಮೇಲೆ ಬೆವರು. ನಮ್ಮ ಅತ್ತೆ ಗಟ್ಟಿ ಹೆಂಗಸು. ಒಂದೇ ಕೈಯಲ್ಲಿ ಎಮ್ಮೆಯನ್ನು ಗೂಟಕ್ಕೆ ಎಳೆದು ಕಟ್ಟುವವರು. ಆ ಕೈಯ ಬಳೆಗಳು ಮೊಣಕೈ ದಾಟಿ ಮೇಲಕ್ಕೆ ಜಾರಲಿಕ್ಕೆ ಹತ್ತಿದವು.

ಮಾವನವರು ಸುಮ್ಮನಿರುತ್ತಾರೆಯೇ? ಅಮೃತಬಳ್ಳಿ ಜಜ್ಜಿಸಿದರು, ನೆಲಬೇವು ಕುದಿಸಿದರು. ಇವೆರಡೂ ಕೆಟ್ಟವಲ್ಲ; ನಮ್ಮಜ್ಜಿಯೂ ಕೊಡುತ್ತಿದ್ದಳು. ಆದರೆ ಅಜ್ಜಿ ಕೊಡುತ್ತಿದ್ದದ್ದು ಗುಟುಕು. ಇವರು ಆ ಕಷಾಯದಲ್ಲೇ ನುಚ್ಚು ಬೇಯಿಸಿ, ಗಂಜಿಯೆಂದು ತಾಟು ತುಂಬ ಹಾಕುತ್ತಿದ್ದರು. ಜ್ವರ ಹೋಗದಿದ್ದಾಗ ಸೌಟು ಹೆಚ್ಚಿಸಿದರು. ಮತ್ತೂ ಹೋಗದಿದ್ದಾಗ, ಜ್ವರ ಹೊಟ್ಟೆಯಲ್ಲಿ ಅಡಗಿ ಕೂತಿದೆ, ಅದನ್ನು ತೊಳೆದು ಹೊರಗೆ ಹಾಕಬೇಕೆಂದು ಲೋಳಸರವನ್ನೂ ಕೂಡಿಸಿದರು. ಜ್ವರ ಅಡಗಿದಲ್ಲೇ ಉಳಿಯಿತು. ಅತ್ತೆಯ ಮೈಯಲ್ಲಿದ್ದ ಉಳಿದದ್ದೆಲ್ಲ ಹೊರಗೆ ಹೋಯಿತು. ಹಿತ್ತಿಲಿಗೆ ಹೋಗಲು ನಾನು ಹಿಡಿದು ನಡೆಸಬೇಕಾಯಿತು, ಆಮೇಲೆ ಎತ್ತಿಕೊಂಡೇ ಹೋಗಬೇಕಾಯಿತು. ಎತ್ತಿದರೆ ಒಣಗಿದ ಜೋಳದ ಕಣಿಕೆಯ ಸಿವುಡಿನಷ್ಟು ಹಗುರ. ಇನ್ನೆಷ್ಟು ಸರತಿ ಈ ಚಳಿಯನ್ನು ತಡೆಯುತ್ತಾರೆ ಎಂದು ನೆರೆಯ ಹೆಂಗಸರು ಬಾಗಿಲಲ್ಲಿ ನಿಂತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಂತಾಯಿತು. ಆದರೂ ತಾಟಿಗೆ ಬಿದ್ದದ್ದನ್ನು ಅತ್ತೆ ಉಣ್ಣುತ್ತಿದ್ದರು, ಮೆಲ್ಲಗೆ, ಕಣ್ಣು ಮುಚ್ಚಿಕೊಂಡು. ನಾನು ತಾಟು ತೊಳೆದು ಕೊಟ್ಟರೆ ಆ ನೀರನ್ನೂ ಕುಡಿಯುತ್ತಿದ್ದರು.

ಆಗ ಟಪಾಲು ಕಚೇರಿಗಳಲ್ಲಿ ಚಳಿಜ್ವರಕ್ಕೆ ಕ್ವಿನೈನಿನ ಪುಡಿ ಮಾರುತ್ತಿದ್ದರು, ಸಣ್ಣ ಸಣ್ಣ ಕಾಗದದ ಪೊಟ್ಟಣಗಳಲ್ಲಿ. ನಮ್ಮ ಊರಲ್ಲಿ ಸಾಲಿ ಮಾಸ್ತರರೇ ಟಪಾಲನ್ನೂ ನೋಡಿಕೊಳ್ಳುತ್ತಿದ್ದರು. ಎದುರುಮನೆಯವರ ಜ್ವರ ಆ ಪುಡಿಯಿಂದ ನಿಂತಿತ್ತು. ನಮ್ಮವರು, ಅಂದರೆ ನನ್ನ ಗಂಡ, ಅಪ್ಪನ ಮುಂದೆ ನಿಂತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಂದು ಕಂಬ ಹಿಡಿದುಕೊಂಡು, ಕಂಬಕ್ಕೇ ಹೇಳುವ ಹಾಗೆ, ಅವ್ವಗೂ ಒಂದಿಷ್ಟು ಆ ಪುಡಿ ತರಲೇ ಎಂದು ಕೇಳಿದರು.

ಮಾವನವರು ಎಲೆ ಅಗಿಯುವುದನ್ನು ನಿಲ್ಲಿಸಿದರು. "ಟಪಾಲ ಕಚೇರ್ಯಾಗ ಔಷಧ ಮಾರತಾರಾ? ನಾಳಿ ಪೊಲೀಸ ಠಾಣ್ಯಾಗ ಉಪ್ಪಿನಕಾಯಿ ಮಾರತಾರ, ಅದನ್ನೂ ತಂದು ಉಣಸು ನಿಮ್ಮವ್ವಗ."

ಅದು ಸುಣ್ಣದ ಹಾಗೆ ಬೆಳ್ಳಗಿದೆ, ಬೇರಿಲ್ಲ, ಎಲೆಯಿಲ್ಲ, ತಾಯಿ ಯಾರೆಂದು ಗೊತ್ತಿಲ್ಲದ ಪುಡಿ, ಬಿಳಿಯ ಸಾಹೇಬರು ತಮ್ಮ ಬಣ್ಣದ್ದೇ ಮಾಡಿ ಕಳಿಸಿದ್ದಾರೆ ಎಂದು ದೊಡ್ಡ ಪುರಾಣವನ್ನೇ ಹೇಳಿದರು. ನಮ್ಮವರು ಕಂಬ ಬಿಟ್ಟು ಹೊರಗೆ ಹೋದರು. ಸೋತು ಹೋದರೆಂದು ತಿಳಿದೆ. ತಾಸೊಪ್ಪತ್ತಿಗೆ ಮಾಸ್ತರರನ್ನೇ ಕರೆದುಕೊಂಡು ಬಂದರು.

ಮಾಸ್ತರರು ಜಾಣರು. ಪುಡಿಯ ಮಾತನ್ನೇ ಎತ್ತಲಿಲ್ಲ. ಕಿತ್ತೂರಿನ ಕೋಟೆಯ ಕಡೆ ಯಾರೋ ಒಬ್ಬರಿಗೆ ಚಳಿಜ್ವರ ಬಂದದ್ದು, ಸವದತ್ತಿಯಲ್ಲಿ ಮಳೆಯಾದದ್ದು ಎಲ್ಲ ಹೇಳಿ, ಹೊರಡುವಾಗ ವಿಭೂತಿ ಹಚ್ಚುವಷ್ಟು ಮೆಲ್ಲಗೆ ಅಂದರು: "ಒಂದ ಮಾತು ಕಾಕಾರ. ಈ ಕ್ವಿನೈನ ಅಂತಾರಲ್ಲ, ಅದೂ ಒಂದ ಗಿಡದ ತೊಗಟಿನ. ತೊಗಟಿ ಒಣಗಿಸಿ ಅದರ ಸತ್ವ ತಗೀತಾರ, ಅಷ್ಟ."

ಮಾವನವರ ಮುಖ ಬೆಳಗಿದ್ದನ್ನು ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ಕಂಡೆ. ಕಳೆದುಹೋದ ತಮ್ಮನೇ ಮನೆಗೆ ಬಂದ ಹಾಗೆ.

"ತೊಗಟಿ? ಅದನ್ನ ಮೊದಲ ಹೇಳಬೇಕಲ್ಲೋ ಮಾಸ್ತರ. ಹಂಗಾರ ಅದು ನಮ್ಮದ."

ಮಾಸ್ತರರು ಸಡಗರದಿಂದ ಮುಂದಿನ ಮಾತು ಹೇಳಿದರು. ಒಂದು ಪೊಟ್ಟಣ ಒಂದು ಹೊತ್ತಿಗೆ, ಹೆಚ್ಚು ಕೊಡಬಾರದು, ಹೆಚ್ಚಾದರೆ ಕಿವಿ ಗುಂಯ್ ಅನ್ನುತ್ತದೆ, ಕಣ್ಣು ಮಂಜಾಗುತ್ತದೆ ಎಂದೆಲ್ಲ ಬಿಡಿಸಿ ಹೇಳಿದರು. ನಾನು ಅಡಿಗೆಮನೆಯಲ್ಲಿ ನಿಂತು ಒಂದೊಂದು ಮಾತನ್ನೂ ಕೇಳಿದೆ, ನಮ್ಮವರು ಕೇಳಿದರು, ಒಳಗೆ ಮಲಗಿದ್ದ ಅತ್ತೆಯೂ ಕೇಳಿದರೋ ಏನೋ. ಮಾವನವರು ಕೇಳಲಿಲ್ಲ. ತೊಗಟೆ ಎಂಬ ಮಾತಿನ ಆಚೆಗೆ ಅವರಿಗೆ ಕೇಳುವಂಥದ್ದೇನೂ ಉಳಿದಿರಲಿಲ್ಲ. ಮಾಸ್ತರರು ಅಂಗಿಯ ಕಿಸೆಯಿಂದ ತೆಗೆದ ಪೊಟ್ಟಣಗಳನ್ನೆಲ್ಲ ಎರಡೂ ಕೈಯಲ್ಲಿ ಇಸಿದುಕೊಂಡು, ಇದಕ್ಕೆ ಗುರೆಳ್ಳು ಹೊಂದುತ್ತದೋ ಅಗಸಿ ಹೊಂದುತ್ತದೋ ಎಂದು ಯೋಚಿಸುತ್ತಿದ್ದರು. ಅವರ ಬೆನ್ನಿಗಿದ್ದ ನಮ್ಮವರು ಒಂದಿಷ್ಟು ಪೊಟ್ಟಣ ಜಾರಿಸಿ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡರು. ನನ್ನ ಗಂಡನ ಶೌರ್ಯದ ಕತೆಗಳು ಬಹಳ ಇಲ್ಲ. ಇರುವುದರಲ್ಲಿ ಇದೇ ದೊಡ್ಡದು.

ಮರುದಿನ ಅತ್ತೆಯ ಜ್ವರದ ದಿನ. ಮಾವನವರು ಬೆಳಿಗ್ಗೆಯೇ ಒಳಕಲ್ಲಿನ ಮುಂದೆ ಕೂತರು. ಗುರೆಳ್ಳು, ಬೆಳ್ಳುಳ್ಳಿ, ಉಪ್ಪು, ಒಣಮೆಣಸಿನಕಾಯಿ, ಅದರೊಳಗೆ ಪೊಟ್ಟಣದ ಮೇಲೆ ಪೊಟ್ಟಣ. ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದೆಂದರೆ ನಮ್ಮಲ್ಲಿ ಹಬ್ಬದ ಕೆಲಸ. ಅವರ ಹುಮ್ಮಸ್ಸೂ ಹಬ್ಬದ್ದೇ. ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ಬೇವಿಗೂ ಇಲ್ಲದ ಕಹಿ ಅದು. "ಎಂಥಾ ಕಹಿ" ಅಂದರು, ಬೇರೆಯವರು ಎಂಥಾ ಸಿಹಿ ಅನ್ನುವ ದನಿಯಲ್ಲಿ. ಕಹಿ ಇದ್ದಷ್ಟೂ ಗುಣ ಎಂಬುದು ಅವರ ಇನ್ನೊಂದು ಸಿದ್ಧಾಂತ.

ಈ ಹಿಂಡಿ ಅತ್ತೆಯ ತಾಟಿಗೆ ಬಿದ್ದರೆ ಅತ್ತೆ ಉಣ್ಣುತ್ತಾರೆ. ಬೇಡವೆನ್ನಲು ಅವರಿಗೆ ಬರುವುದಿಲ್ಲ, ಅನ್ನಲು ನನಗೆ ಅಧಿಕಾರವಿಲ್ಲ. ನಮ್ಮವರು ಹಿತ್ತಿಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು.

ಉಳಿಸಿದ್ದು ಚಳಿಯೇ. ಅಂದು ಅದು ತುಸು ಬೇಗ ಬಂತು. ಮಾವನವರು ತಾಟಿನ ಮುಂದೆ ಕೂಡುವ ಹೊತ್ತಿಗೆ ಅತ್ತೆ ಕೌದಿಯೊಳಗೆ ಮುದ್ದೆಯಾಗಿ ನಡುಗುತ್ತಿದ್ದರು, ಎಬ್ಬಿಸಿ ಕೂಡಿಸುವಂತಿರಲಿಲ್ಲ. ಚಳಿ ಇಳಿಯಲಿ, ಆಮೇಲೆ ಬಡಿಸೋಣ ಎಂದು ಮಾವನವರು ತಾವು ಮೊದಲು ಉಂಡರು. ರೂಢಿಯಂತೆ ಬಹಳ ಉಂಡರು. ಬಿಸಿ ರೊಟ್ಟಿ, ಹಿಂಡಿ, ಮೇಲೆ ಕುಸುಬಿ ಎಣ್ಣೆ. ತಾಟು ತೊಳೆದು ಕುಡಿದರು. ಎಲೆ ಹಾಕಿಕೊಂಡು ಕಟ್ಟೆಗೆ ಹೋದರು.

ಬಹಳ ಹೊತ್ತಾಗಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಬಂದರು. ಮನೆಯ ಜಂತಿಯಲ್ಲಿ ಯಾರು ಜೀರುಂಡೆ ಬಿಟ್ಟವರೆಂದು ಕೇಳಿದರು. ಅವರ ದನಿ ಅಗಸೆಯ ತನಕ ಹೋಗುವಷ್ಟು ದೊಡ್ಡದಾಗಿತ್ತು. ನಮ್ಮವರು ಏನೋ ಉತ್ತರ ಕೊಟ್ಟರು. ಮಾವನವರು ಮಗನ ಬಾಯಿಯನ್ನೇ ನೋಡಿದರು. ಆಮೇಲೆ ಹಿತ್ತಿಲಿಗೆ ಓಡಿ ಉಂಡದ್ದನ್ನೆಲ್ಲ ಕಾರಿಕೊಂಡರು. ಮಾಸ್ತರರು ಬರುವಷ್ಟರಲ್ಲಿ ಹಾಸಿಗೆ ಹಿಡಿದಿದ್ದರು, ಕಿವಿಗಳೆರಡೂ ಕಲ್ಲಾಗಿದ್ದವು. ಮಾಸ್ತರರು ಪಾಟಿಯ ಮೇಲೆ ದಪ್ಪ ಅಕ್ಷರದಲ್ಲಿ, ಹೆಚ್ಚು ತಿಂದಿರಿ, ಕೆಲವು ದಿನದಲ್ಲಿ ಸರಿಹೋಗುತ್ತದೆ, ನೀರು ಕುಡಿಯಿರಿ ಎಂದು ಬರೆದು ತೋರಿಸಿದರು. ಮಾವನವರು ಓದಿ, ತಲೆ ಅಲ್ಲಾಡಿಸಿ, ಕೂಗಿದರು: "ಹೆಚ್ಚಾಗಿಲ್ಲೋ ಮಾಸ್ತರ. ಒಳಗಿನ ಕಸಾ ಹೊರಗ ಬರಾಕ ಹತ್ತೇತಿ. ಕಿವ್ಯಾಗ ಸಿಕ್ಕೊಂಡೈತಿ."

ಉಳಿದ ಹಿಂಡಿ ಇನ್ನೂ ಯಾರ ತಾಟಿಗೂ ಬಿದ್ದಿರಲಿಲ್ಲ. ಆದ್ದರಿಂದ ಅದು ಪ್ರಸಾದವಾಗಿರಲಿಲ್ಲ. ನಾನು ಅದನ್ನು ಮೊರದಲ್ಲಿ ಹೊತ್ತುಕೊಂಡು ಹೋಗಿ ತಿಪ್ಪೆಯಲ್ಲಿ ಹೂಳಿದೆ. ನಮ್ಮವರು ರುಮಾಲು ಬಿಚ್ಚಿದರು. ಮಾಸ್ತರರು ಹೇಳಿದ ಅಳತೆಗೆ, ಹೇಳಿದ ಹೊತ್ತಿಗೆ, ಅತ್ತೆಗೆ ಬಟ್ಟಲಲ್ಲಿ ಕಲಸಿ ಕುಡಿಸಿದೆ. ಆಮೇಲೆ ಬರೀ ಗಂಜಿ, ಉಪ್ಪು ಹಾಕಿದ್ದು, ಇನ್ನೇನೂ ಹಾಕದ್ದು. ಅತ್ತೆ ಒಂದು ಗುಟುಕು ತೆಗೆದುಕೊಂಡು ನನ್ನ ಮುಖ ನೋಡಿದರು. "ಇದರಾಗ ಏನೂ ಇಲ್ಲಲ್ಲ" ಅಂದರು. ಇಲ್ಲ ಅತ್ತಿ ಎಂದೆ. ಬಟ್ಟಲು ಖಾಲಿ ಮಾಡಿದರು. ಮುಂದಿನ ಸರತಿ ಜ್ವರ ಬೆಚ್ಚಗೆ ಬಂದು ಹೋಯಿತು. ಅದರ ಮುಂದಿನ ಸರತಿ ಬರಲಿಲ್ಲ.

ಇತ್ತ ಮಾವನವರನ್ನು ನೋಡಲು ಊರೇ ಬಂತು. ದೊಡ್ಡ ಮನುಷ್ಯರು, ಕಾಣದಿದ್ದರೆ ಹೇಗೆ? ಬಂದವರು ಮೊದಮೊದಲು ಕಿವಿಯ ಹತ್ತಿರ ಕೂಗಿ ನೋಡಿದರು. ಏನೂ ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರ ಮುಖದ ಮೇಲೂ ಒಂದು ಬಗೆಯ ಬೆಳಕು ಬಂತು. ಹಿರಿಯರೊಬ್ಬರು ಕೈ ಮುಗಿದು, ಕನಿಕರದಿಂದ ಹುಬ್ಬು ಮೇಲೆತ್ತಿ, "ಗೌಡ್ರ, ನಿಮ್ಮ ಆಡುಸೋಗಿ ಚಟ್ನಿ ತಿಂದು ನಾ ಮೂರ ದಿನಾ ಗ್ವಾಡಿ ಹಿಡಕೊಂಡು ನಡದೇನಿ, ನೀವು ಇನ್ನೂ ನಾಲ್ಕ ದಿನಾ ಹಿಂಗ ಮಲಕೋಬೇಕು" ಅಂದರು. ಮಾವನವರು ಆ ಮುಗಿದ ಕೈ ನೋಡಿ, ದೊಡ್ಡ ಮನಸ್ಸಿನಿಂದ ತಲೆದೂಗಿದರು. ಇನ್ನೊಬ್ಬರು ಅವರ ಕಾಲು ಒತ್ತುತ್ತ, ರಾಮದುರ್ಗದ ಬೀಗರ ಜಾಲಿಕಂಟಿಗಳನ್ನು ಒಂದೊಂದಾಗಿ ವರ್ಣಿಸಿದರು. ಅದಕ್ಕೂ ತಲೆದೂಗಿದರು. ಹೊರಗೆ ಬಂದು ಎಲ್ಲರೂ ಕಣ್ಣೊರೆಸಿಕೊಂಡರು, ದುಃಖಕ್ಕಲ್ಲ. ನಾನೂ ಸೆರಗು ಬಾಯಿಗೆ ತುರುಕಿಕೊಂಡು ಒಲೆಯ ಮುಂದೆ ಕೂತು ನಕ್ಕೆ.

ಅತ್ತೆ ನಗಲಿಲ್ಲ. ಎಲ್ಲರೂ ಹೋದ ಮೇಲೆ, ಒಂದು ಮಧ್ಯಾಹ್ನ, ಗೋಡೆ ಹಿಡಿದು ತಾವೇ ನಡೆದು ಹೋಗಿ ಗಂಡನ ತಲೆದಿಂಬಿನ ಹತ್ತಿರ ಕೂತರು. ನಾನು ಜೋಳ ಹಸನು ಮಾಡುತ್ತ ಮಗ್ಗುಲಲ್ಲೇ ಇದ್ದೆ. ನನ್ನನ್ನು ಹೊರಗೆ ಹೋಗೆನ್ನಲಿಲ್ಲ. ಮೊರದೊಳಗಿನ ಜೋಳ ನೋಡುತ್ತ, ದಿನದ ಸುದ್ದಿ ಹೇಳುವಷ್ಟು ಸಣ್ಣ ದನಿಯಲ್ಲಿ ಮಾತು ತೆಗೆದರು.

"ಮದಿವಿ ಆಗಿ ಬಂದಾಗಿಂದ ನೀವು ಬಡಿಸಿದ್ದು ಉಂಡೇನಿ. ಕಹಿ ಅಂದಿಲ್ಲ. ಹಿತ್ತಲಕ್ಕ ಹೋಗಿ ಕಾರಿಕೊಂಡು, ಬಾಯಿ ತೊಳಕೊಂಡು ಬಂದು, ಮತ್ತ ತಾಟ ತೊಳದು ಕುಡದೇನಿ. ಭೂಮಿತಾಯಿ ಕೊಟ್ಟದ್ದು ಕೆಡಕ ಮಾಡೂದಿಲ್ಲ ಅಂತೀರಿ. ಕೂಳಿ ಜ್ವಾಳಾ ಯಾರ ಕೊಟ್ಟಾರು? ಹ್ವಾದ ವರ್ಷ ಎತ್ತು ಕೂಳ್ಯಾಗ ಬಾಯಿ ಹಾಕಿದಾಗ ಉಣ್ಣೂದು ಬಿಟ್ಟು, ಎಂಜಲ ಕೈಲೆ, ಕೆರವು ಮೆಟ್ಟಲಾರದ ಓಡಿದ್ರಿ. ನಿಮ್ಮ ಹೊಲದ ಜ್ವಾಳಾ, ನಿಮ್ಮ ಕೈಲೆ ಬಿತ್ತಿದ್ದು. ಅದು ಯಾವಾಗ ಸಲ್ಲತೈತಿ, ಯಾವಾಗ ಸಲ್ಲಂಗಿಲ್ಲ, ಎಲ್ಲಾ ನಿಮಗ ಗೊತ್ತೈತಿ. ಎತ್ತಿನ ಹೊಟ್ಟಿ ಹೊಟ್ಟಿ. ನಂದೇನು ಕಾಳಿನ ಹಗೇವು, ಬೇಕಾದ್ದು ಸುರ್ಯಾಕ?"

ಕೂಳೆ ಎಂದರೆ ಕೊಯ್ದ ಜೋಳದ ಬುಡದಿಂದ ಮತ್ತೆ ಚಿಗುರುವ ಎಳೆ ಪೈರು. ನೋಡಲಿಕ್ಕೆ ಹಸಿರೇ ಹಸಿರು. ನೀರಿಲ್ಲದೆ ಬಾಡಿ ನಿಂತಾಗ ಅದನ್ನು ಮೇಯ್ದ ದನ ಹೊಟ್ಟೆ ಉಬ್ಬಿ, ನೊರೆ ಕಾರಿ, ನಿಂತ ನೆಲದಲ್ಲೇ ಕೆಡೆಯುತ್ತದೆ. ನಮ್ಮ ಎರಿಹೊಲದ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಂದು ಮಾವನವರು ಓಡಿದ್ದನ್ನು ನಾನೂ ಕಂಡಿದ್ದೆ. ಆ ವಯಸ್ಸಿನಲ್ಲಿ ಅಷ್ಟು ಓಡಬಲ್ಲರೆಂದು ಎಣಿಸಿರಲಿಲ್ಲ. ಎತ್ತು ಬದುಕಿತು. ತಿರುಗಿ ಬಂದು ಕೈತೊಳೆದು ಕೂತವರು, ಮಣ್ಣಿನಲ್ಲಿ ಹುಟ್ಟಿದ್ದಕ್ಕೆ ಮೋಸ ಗೊತ್ತಿಲ್ಲ ಎಂದು ಹೇಳುತ್ತಲೇ ನಮಗೆಲ್ಲ ಬೇವಿನ ಪಲ್ಯ ಬಡಿಸಿದ್ದರು. ಒಂದೇ ತಲೆಯಲ್ಲಿ ಈ ಎರಡೂ ಮಾತು ಅಕ್ಕಪಕ್ಕದಲ್ಲೇ ಇದ್ದವು, ಒಂದನ್ನೊಂದು ಮಾತಾಡಿಸದ ದಾಯಾದಿಗಳ ಹಾಗೆ.

ಮಾವನವರು ಹೆಂಡತಿಯ ತುಟಿ ನೋಡುತ್ತಿದ್ದರು. ಉಳಿದವರಿಗೆ ತಲೆದೂಗಿದ ಹಾಗೆಯೇ ತಲೆದೂಗಿದರು. ಆಮೇಲೆ ಏನೋ ಅನುಮಾನ ಬಂದು, "ಏನಂದಿ?" ಎಂದು ಕೂಗಿದರು. ಅತ್ತೆ ಏನಿಲ್ಲವೆಂದು ಕೈಯಾಡಿಸಿ ಎದ್ದರು.

ಮರುದಿನವೂ ಹೋಗಿ ಕೂತರು. ಅದರ ಮರುದಿನವೂ. ಬಿಡಿಬಿಡಿಯಾಗಿ, ಒಂದೊಂದು ಸೊಪ್ಪಿನ ಹೆಸರು ಹಿಡಿದು, ಯಾವುದು ಯಾವಾಗ ಎಲ್ಲಿ ನೋಯಿಸಿತು ಎಂದು ಹೇಳುತ್ತಿದ್ದರು. ಒಮ್ಮೊಮ್ಮೆ ಮಾತಿಲ್ಲದೆ ಗಾಳಿ ಹಾಕುತ್ತ ಕೂತಿರುತ್ತಿದ್ದರು. ಗಂಡನಿಗೆ ಗಂಜಿ ಕುಡಿಸಿದವರೂ ಅವರೇ. ಬರೀ 'ಏನೂ ಇಲ್ಲದ' ಗಂಜಿ.

ಕಿವಿ ಒಂದು ಬೆಳಿಗ್ಗೆ ಮರಳಿತು. ನಾನು ರೊಟ್ಟಿ ಬಡಿಯುವ ಸಪ್ಪಳ ಪಡಸಾಲೆಗೆ ಕೇಳಿಸಿತಂತೆ. ಮಾವನವರು ಎದ್ದು ಕೂತರು, ಕೂಗುವುದನ್ನು ಬಿಟ್ಟರು, ಹಿಂದಿನಂತೆ ಮಾತಾಡಲು ಹತ್ತಿದರು. ಅಂದರೆ ಹಿಂದಿನದನ್ನೇ ಮಾತಾಡಲು ಹತ್ತಿದರು. ಸಂಜೆಯ ಹೊತ್ತಿಗೆ ಕಟ್ಟೆಯ ಮೇಲಿದ್ದರು. "ಇಕೀನ್ನ ಉಳಿಸಿದ್ದು ಯಾವುದು? ತೊಗಟಿ. ತೊಗಟಿ ಎಲ್ಲಿಂದ ಬಂತು? ಗಿಡದಾಗಿಂದ. ನಾ ಏನ ಹೇಳತಿದ್ದೆ?" ಎಂದು ಬಂದವರನ್ನೆಲ್ಲ ಕೇಳಿದರು. ಅದು ಸುಳ್ಳೂ ಅಲ್ಲ. ಅದಕ್ಕೇ ಅವರನ್ನು ಸೋಲಿಸಲು ಆ ಊರಲ್ಲಿ ಯಾರಿಂದಲೂ ಆಗಲಿಲ್ಲ. ಕೇಳಿಸಿಕೊಂಡವರು ನೆಲ ನೋಡುತ್ತ, "ಖರೇ ಐತ್ರಿ" ಅಂದು ಹೋದರು. ಕಿವಿ ಬಂದ ಸುದ್ದಿ ಊರಲ್ಲಿ ಕಿವಿ ಹೋದ ಸುದ್ದಿಗಿಂತ ಬೇಗ ಹಬ್ಬಿತ್ತು.

ಎರಡು ದಿನದಲ್ಲಿ ಒಲೆಯ ಮೇಲೆ ಬೋಗುಣಿ ಏರಿತು. ಜ್ವರ ಬಿಟ್ಟ ಮೈಗೆ ರಕ್ತ ಊಡಬೇಕು ಎಂದು ಮಾವನವರು ಅಮೃತಬಳ್ಳಿ, ಉತ್ತರಾಣಿ, ಹಿತ್ತಿಲಲ್ಲಿ ಕೈಗೆ ಸಿಕ್ಕ ಇನ್ನೆರಡು ಸೊಪ್ಪು ಹಾಕಿ ಗಟ್ಟಿಯಾಗಿ ಕುದಿಸಿದ್ದರು. ಊಟದ ಹೊತ್ತು. ಮೊದಲು ತಮ್ಮ ತಾಟಿಗೆ ಹಾಕಿಕೊಂಡರು. ಆಮೇಲೆ ಸೌಟು ತುಂಬಿಕೊಂಡು ಅತ್ತೆಯ ಮುಂದೆ ಬಗ್ಗಿದರು.

ಅತ್ತೆ ಅಂಗೈಯನ್ನು ತಾಟಿನ ಮೇಲೆ ಅಡ್ಡ ಹಿಡಿದರು.

"ಒಲ್ಲೆ."

ಮಾವನವರು ಸೌಟು ಹಿಡಿದೇ ನಿಂತರು. ಎಡಗೈಯ ಕಿರುಬೆರಳನ್ನು ಕಿವಿಯಲ್ಲಿ ಹಾಕಿ ಅಲ್ಲಾಡಿಸಿದರು. ಮಗನ ಕಡೆ ನೋಡಿದರು. ನಮ್ಮವರು ರೊಟ್ಟಿಯ ಅಂಚನ್ನು ಬಹಳ ಲಕ್ಷ್ಯದಿಂದ ಮುರಿಯುತ್ತಿದ್ದರು. ಸೌಟಿನ ತುದಿಯಿಂದ ಒಂದು ಹಸಿರು ಹನಿ ಅತ್ತೆಯ ಕೈಯ ಮೇಲೆ ಬಿತ್ತು.

"ಏನಂದಿ?"

"ಒಲ್ಲೆ ಅಂದೆ." ಅತ್ತೆಯ ದನಿ ನಡುಗಲಿಲ್ಲ. ಇಷ್ಟು ದಿನ ಕೇಳದ ಕಿವಿಯ ಮುಂದೆ ಅಂದು ಅಂದು ನಾಲಿಗೆ ಪಳಗಿತ್ತು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹನಿಯನ್ನು ಇನ್ನೊಂದು ಕೈಯಿಂದ ಸೆರಗು ಹಿಡಿದು ಒರೆಸಿದರು.

"ಮತ್ತೇನ ಉಣ್ಣತಿ?"

"ರೊಟ್ಟಿ. ಬಿಸೀದು. ಬೆಣ್ಣಿ ಹಚ್ಚಿ."

ಮಾವನವರ ಮುಖಕ್ಕೆ ಜೀವ ಬಂತು. "ಬೆಣ್ಣಿ ಛಲೋನ. ಬೆಣ್ಣಿ ಪಿತ್ತಕ್ಕ ಭಾಳ..."

"ಪಿತ್ತಕ್ಕ ಅಲ್ಲ. ನನಗ ಹಸಿವ್ಯಾಗೈತಿ."

ನಾನು ಅಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ ಹಂಚು ಸರಿಮಾಡಿ, ಹಿಟ್ಟು ನಾದಲು ಕೂತೆ. ಹೊರಗೆ ಮಾವನವರು ತಮ್ಮ ತಾಟಿನದನ್ನು ಉಣ್ಣುತ್ತಿದ್ದರು. ಅದು ಬಿದ್ದಾಗಿತ್ತಲ್ಲ, ಬಿಡುವ ಹಾಗಿರಲಿಲ್ಲ. ಬೆಣ್ಣೆಯ ಗಡಿಗೆಯನ್ನು ನೆಲುವಿನಿಂದ ಇಳಿಸುವಾಗ ಅವರ ದನಿ ಕೇಳಿಸಿತು, ಸೌಟಿನ ದನಿಯಲ್ಲ, ಹೊಸ್ತಿಲ ಆಚೆ ನಿಂತವರ ದನಿ.

"ತಂಗೀ, ನನಗೂ ಒಂದ ಬಡಿಯವಾ. ಬಿಸೀದು."